‘ನಾಣ್ಯಕ್ಕೆ ರಿಟರ್ನ್ ಇಲ್ಲ’ ಅಂದರೆ ಮುಗಿದೇ ಹೋಯಿತಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಅರಸೀಕೆರೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ನಮ್ಮ ತಂದೆಯವರು ಹಳೆ ನಾಣ್ಯ ಕೂಡಿಡುತ್ತಿದ್ದರು. ಆ ಹವ್ಯಾಸ ಮುಂದುವರಿಸೋಣ ಅಂತ ಹೋದ ತಿಂಗಳು ಒಂದು ವೆಬ್‌ಸೈಟ್‌ನಿಂದ ಮೂರು ನಾಣ್ಯ ತರಿಸಿದೆ. 1911ರ ಐದನೆಯ ಜಾರ್ಜ್ ಬೆಳ್ಳಿ ರೂಪಾಯಿಗೆ ₹5,800. ಆನೆ ಚಿತ್ರದ ತಾಮ್ರದ ನಾಣ್ಯಕ್ಕೆ ₹1,400, ‘ಟಿಪ್ಪು ಸುಲ್ತಾನ್ ಕಾಲದ್ದು’ ಅಂತ ಬರೆದಿತ್ತು. ರಾಮ, ಸೀತೆ, ಲಕ್ಷ್ಮಣ, ಆಂಜನೇಯ ಇರುವ ‘1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ಕ್ಕೆ ₹2,300. ಒಟ್ಟು ₹9,500 ಯುಪಿಐನಲ್ಲಿ ಕಟ್ಟಿದೆ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಲಿಲ್ಲ. ಪರಿಚಯದ ಆಚಾರರ ಅಂಗಡಿಯಲ್ಲಿ ರೂಪಾಯಿ ತೂಗಿಸಿದರೆ 10.9 ಗ್ರಾಂ ಬಂತು. ಅವರು ಅಂಚನ್ನು ಒರೆಗಲ್ಲಿಗೆ ಸ್ವಲ್ಪ ಉಜ್ಜಿ ನೋಡಿ ‘ಬೆಳ್ಳಿ ಕಮ್ಮಿ ಇದೆಯಲ್ಲಮ್ಮ’ ಅಂದರು. ಆನೆ ನಾಣ್ಯದ ಹಿಂದೆ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಪಾರ್ಸೆಲ್ ಬಂದ ಐದನೇ ದಿನ ಮಾರಾಟಗಾರರಿಗೆ ಬರೆದೆ. ‘ಮೂರು ದಿನದೊಳಗೆ ಹೇಳಬೇಕಿತ್ತು, ನಾಣ್ಯ ಇಟ್ಟಿದ್ದ ಪ್ಲಾಸ್ಟಿಕ್ ಹೋಲ್ಡರ್ ಬಿಚ್ಚಿದ್ದೀರಿ, ನಾಣ್ಯ ಹಾಳು ಮಾಡಿದ್ದೀರಿ, ವಿಡಿಯೊ ಇಲ್ಲ, ನೋ ರಿಟರ್ನ್’ ಅಂತ ಉತ್ತರ ಬಂತು. ಬಿಲ್ ಕೂಡ ಕೊಟ್ಟಿಲ್ಲ. ನನ್ನ ದುಡ್ಡು ಹೋದ ಹಾಗೇನಾ? ಇನ್ನು ಮುಂದೆ 30 ದಿನ ರಿಟರ್ನ್ ಕೊಡುವವರ ಹತ್ತಿರ ಮಾತ್ರ ಕೊಳ್ಳಬೇಕಾ?

ಉತ್ತರ: ಈಗಲೇ ಕೈಚೆಲ್ಲಬೇಡಿ. ನೀವು ತರಿಸಿದ ಮೂರು ನಾಣ್ಯಗಳ ಕಥೆ ಬೇರೆ ಬೇರೆ. ಮಾರಾಟಗಾರರು ಮೂರಕ್ಕೂ ಒಂದೇ ಉತ್ತರ ಕೊಟ್ಟು ಬಾಗಿಲು ಹಾಕಿಕೊಂಡಿದ್ದಾರೆ. ನಾವು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಈ ‘ನೋ ರಿಟರ್ನ್’ ವಿಷಯ. ವೆಬ್‌ಸೈಟ್‌ನಲ್ಲಿ ಹಾಗೆ ಬರೆದುಬಿಟ್ಟರೆ ಅದೇ ಕಾನೂನು ಅಂತ ಅರ್ಧ ಜನ ನಂಬಿದ್ದಾರೆ. ಇನ್ನರ್ಧ ಜನ, ಆನ್‌ಲೈನ್‌ನಲ್ಲಿ ಏನು ಕೊಂಡರೂ ಒಂದು ವಾರದೊಳಗೆ ವಾಪಸ್ ಕೊಡುವ ಹಕ್ಕು ಇದ್ದೇ ಇದೆ ಅಂದುಕೊಂಡಿದ್ದಾರೆ. ಎರಡೂ ತಪ್ಪು. ‘ಮನಸ್ಸು ಬದಲಾಯಿತು, ಬೇಡ’ ಅನ್ನುವುದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಹಕ್ಕು ಇಲ್ಲ. ಮಾರುವವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಬಂದ ವಸ್ತು ನಕಲಿಯಾಗಿದ್ದರೆ, ದೋಷ ಇದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಮಾತೇ ಬೇರೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ವಸ್ತುವನ್ನು ವಾಪಸ್ ಪಡೆಯಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ಪಾಲಿಸಿಯಲ್ಲಿ ಏನೇ ಬರೆದುಕೊಂಡಿರಲಿ.

ಮೂರು ದಿನದ ಗಡುವಿನ ಬಗ್ಗೆಯೂ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಅಂತ ಒಂದು ಪಟ್ಟಿ ಇದೆ. ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆಯದಿರುವುದು ಅದರಲ್ಲಿ ಒಂದು. ಬಿಲ್‌ನಲ್ಲಿ ಅವಧಿ ಹೇಳಿಲ್ಲದಿದ್ದರೆ 30 ದಿನ. ಬಿಲ್ಲೇ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಬಿಲ್ ಕೊಡದವರು ಮೂರು ದಿನದ ಲೆಕ್ಕ ಹೇಳುತ್ತಿದ್ದಾರೆ, ಇದು ಸ್ವಲ್ಪ ತಮಾಷೆಯಾಗಿದೆ ಅಲ್ವಾ? ನೀವು ಬರೆದದ್ದು ಐದನೇ ದಿನ. ನನ್ನ ಪ್ರಕಾರ ನೀವು ಗಡುವಿನೊಳಗೇ ಇದ್ದೀರಿ.

ಇನ್ನು ಮಾರುವವರ ಕಡೆಯಿಂದಲೂ ಸ್ವಲ್ಪ ನೋಡಿ. ಹಾಸನದಲ್ಲಿ ನಾಣ್ಯಗಳ ಅಸಲಿ–ನಕಲಿ ನೋಡಿ ಬೆಲೆ ಹೇಳುವುದು ನನ್ನ ಕಸುಬು. ಸ್ಮರಣಾರ್ಥ ನಾಣ್ಯಗಳನ್ನು ಆನ್‌ಲೈನ್‌ನಲ್ಲಿ ಮಾರಿದ್ದೂ ಉಂಟು. ಹಾಗಾಗಿ ಅವರ ಭಯ ನನಗೆ ಗೊತ್ತು. ಸೀರೆ ವಾಪಸ್ ಬಂದರೆ ಅದೇ ಸೀರೆಯೋ ಅಲ್ಲವೋ ಅಂತ ಅಂಗಡಿಯವರಿಗೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ನಾಣ್ಯ ಹಾಗಲ್ಲ. ಒಳ್ಳೆ ಸ್ಥಿತಿಯ ರೂಪಾಯಿ ತರಿಸಿಕೊಂಡು, ತಮ್ಮ ಹತ್ತಿರ ಇದ್ದ ಅದೇ ಇಸವಿಯ ಸವೆದ ರೂಪಾಯಿಯನ್ನು ವಾಪಸ್ ಕಳಿಸುವವರು ಇದ್ದಾರೆ. ಬೆಳ್ಳಿ ರೇಟು ಇಳಿದ ವಾರ ‘ಇಷ್ಟ ಆಗಲಿಲ್ಲ’ ಅಂತ ವಾಪಸ್ ಮಾಡುವವರೂ ಇದ್ದಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವಿಕ್ಟೋರಿಯಾ ರೂಪಾಯಿ ತರಿಸಿ, ಪೂಜೆ ಮುಗಿದ ಮೇಲೆ ಕುಂಕುಮದ ಕಲೆ ಸಮೇತ ಹಿಂದಕ್ಕೆ ಕಳಿಸಿದವರ ಕಥೆಯನ್ನೂ ಕೇಳಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಕಾಟ ತೊಳೆಯುವುದು. ಹಳೆ ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂತ ಬಣ್ಣವೇ ಸಂಗ್ರಹಕಾರರಿಗೆ ಬೇಕಾದದ್ದು. ನಮ್ಮ ಮನೆಗಳಲ್ಲಿ ಕಪ್ಪಾದ ಬೆಳ್ಳಿ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಹುಣಸೆಹಣ್ಣು, ವಿಭೂತಿ, ಪೀತಾಂಬರಿ ಪುಡಿ ಯಾವುದಾದರೂ ಒಂದು ಬಿದ್ದೇ ಬೀಳುತ್ತದೆ. ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರು ಉಳಿಯುತ್ತವೆ. ಲೆನ್ಸ್ ಹಿಡಿದರೆ ಕಾಣುತ್ತದೆ, ಬೆಲೆ ಅರ್ಧಕ್ಕೂ ಕೆಳಗೆ ಹೋಗಬಹುದು. ಅಂಥದ್ದನ್ನು ಮಾರಿದವರು ವಾಪಸ್ ತೆಗೆದುಕೊಂಡು ಏನು ಮಾಡಬೇಕು? ಅದಕ್ಕೇ ಹೋಲ್ಡರ್ ಬಿಚ್ಚಬಾರದು, ವಿಡಿಯೊ ಬೇಕು ಅನ್ನುವ ಷರತ್ತು ಹುಟ್ಟಿದ್ದು. ಷರತ್ತು ಪೂರ್ತಿ ಅನ್ಯಾಯ ಅಂತ ನಾನು ಹೇಳುವುದಿಲ್ಲ. ಅಸಲಿ ನಾಣ್ಯ ಕಳಿಸಿದವರಿಗೆ ಅದು ರಕ್ಷಣೆ. ನಕಲಿ ಕಳಿಸಿದವರಿಗೆ ಅದು ತಪ್ಪಿಸಿಕೊಳ್ಳುವ ದಾರಿ ಆಗಬಾರದು, ಅಷ್ಟೆ.

ಈಗ ನಿಮ್ಮ ರೂಪಾಯಿಗೆ ಬರೋಣ. 1862ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬೆಳ್ಳಿ ಶೇಕಡ 91.7, ಉಳಿದದ್ದು ತಾಮ್ರ. 1940ರಿಂದ ಬೆಳ್ಳಿಯನ್ನು ಶೇಕಡ 50ಕ್ಕೆ ಇಳಿಸಿದರು, 1947ರಲ್ಲಿ ಪೂರ್ತಿ ನಿಕ್ಕಲ್ ಆಯಿತು. ಕೈಯಿಂದ ಕೈಗೆ ಓಡಾಡಿ ಸವೆದ ರೂಪಾಯಿ 11.5, 11.4 ತೂಗಬಹುದು. ಆದರೆ 10.9 ಅಂದರೆ ರಾಜನ ಮುಖ ಚಪ್ಪಟೆಯಾಗುವಷ್ಟು ಸವೆದಿರಬೇಕು. ನಿಮ್ಮ ನಾಣ್ಯದಲ್ಲಿ ಕಿರೀಟದ ಕುಸುರಿ, ನಿಲುವಂಗಿಯ ಗೆರೆ ಚೆನ್ನಾಗಿ ಕಾಣುತ್ತಿದ್ದು ತೂಕ ಮಾತ್ರ ಇಷ್ಟು ಕಮ್ಮಿ ಇದ್ದರೆ, ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ಆಗಿರುವ ಸಾಧ್ಯತೆ ಬಹಳ ಜಾಸ್ತಿ. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಇದೆಯಾ, ಖಾಲಿ ಜಾಗದಲ್ಲಿ ಸೂಜಿ ಮೊನೆಯಷ್ಟು ಗುಳಿಗಳಿವೆಯಾ ನೋಡಿ. ಟಂಕಸಾಲೆಯಲ್ಲಿ ಒತ್ತಿದ ನಾಣ್ಯದಲ್ಲಿ ಅವು ಇರುವುದಿಲ್ಲ.

1911ರ ರೂಪಾಯಿಗೆ ನಕಲಿ ಯಾಕೆ ಅಂದರೆ ಅದಕ್ಕೊಂದು ಕಥೆ ಇದೆ. ಆ ವರ್ಷದ ನಾಣ್ಯದಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಥರ ಕಾಣುತ್ತದೆ ಅಂತ ಗಲಾಟೆಯಾಯಿತು. ಸರ್ಕಾರ ಹೊರಗೆ ಬಿಟ್ಟಿದ್ದನ್ನು ಹಿಂದಕ್ಕೆ ಪಡೆದು, ಹೆಚ್ಚಿನ ನಾಣ್ಯಗಳನ್ನು ಕರಗಿಸಿ, 1912ರಲ್ಲಿ ಆನೆಯ ಸೊಂಡಿಲು ಸರಿಯಾಗಿ ಕಾಣುವ ಹಾಗೆ ಅಚ್ಚು ಬದಲಾಯಿಸಿತು. ಸರ್ಕಾರವೇ ರಿಟರ್ನ್ ತೆಗೆದುಕೊಂಡ ನಾಣ್ಯ ಅನ್ನಿ! ಉಳಿದಿರುವುದು ಕಮ್ಮಿ, ಬೇಡಿಕೆ ಜಾಸ್ತಿ, ಹಾಗಾಗಿ ನಕಲಿ ಹುಟ್ಟಿಕೊಳ್ಳುತ್ತದೆ. 1939ರ ರೂಪಾಯಿಯ ಪಾಡೂ ಇದೇ.

ಒರೆಗಲ್ಲಿಗೆ ಉಜ್ಜಿದ್ದರಿಂದ ಕೇಸು ಬಿದ್ದುಹೋಗುತ್ತಾ? ಇಲ್ಲ. ಗೀರು ಬಿದ್ದ ನಕಲಿಯೂ ನಕಲಿಯೇ. ಆದರೆ ಮಾರಾಟಗಾರರ ಕೈಗೆ ಒಂದು ನೆಪ ಕೊಟ್ಟ ಹಾಗಾಯಿತು. ಆಚಾರರನ್ನು ದೂರಬೇಡಿ. ಒಡವೆಗೆ ಅದೇ ಸರಿಯಾದ ಪರೀಕ್ಷೆ, ಸಂಗ್ರಹದ ನಾಣ್ಯಕ್ಕೆ ಮಾತ್ರ ಅಲ್ಲ. ಆಸಿಡ್ ಹನಿ ಹಾಕುವುದೂ ಅಷ್ಟೇ. ಮ್ಯಾಗ್ನೆಟ್ ಇಟ್ಟು ‘ಅಂಟಲಿಲ್ಲ, ಬೆಳ್ಳಿಯೇ’ ಅನ್ನುವುದನ್ನೂ ನಂಬಬೇಡಿ. ತಾಮ್ರ, ಹಿತ್ತಾಳೆ ಕೂಡ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಗೀರು ಬೀಳದ ಹಾಗೆ ಮನೆಯಲ್ಲೇ ನೋಡುವ ಒಂದು ದಾರಿ ಹೇಳುತ್ತೇನೆ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಅದರ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. 11.66 ಗ್ರಾಂ ಇರುವ ಅಸಲಿ ರೂಪಾಯಿ ಸುಮಾರು 1.13 ತೋರಿಸುತ್ತದೆ. ನಿಮ್ಮ 10.9 ಗ್ರಾಂ ನಾಣ್ಯ ಅದೇ ಬೆಳ್ಳಿಯದ್ದಾಗಿದ್ದರೆ 1.05ರ ಸುತ್ತ ಬರಬೇಕು. ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಮೇಲೆ ಬೆಳ್ಳಿ ಲೇಪ ಮಾಡಿದ್ದಾದರೆ 1.25 ಅಥವಾ ಅದಕ್ಕಿಂತ ಜಾಸ್ತಿ ಬರುತ್ತದೆ. ಆಮೇಲೆ ಮೆತ್ತನೆ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ.

ಇದು ನಿಮ್ಮ ಸಮಾಧಾನಕ್ಕೆ. ಎದುರಾಳಿಗೆ ತೋರಿಸಲು ಕಾಗದ ಬೇಕು. ಕ್ಯಾರೆಟ್ ಮೀಟರ್ ಇರುವ ಚಿನ್ನದ ಅಂಗಡಿಯಲ್ಲಿ ಅಥವಾ ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಯಂತ್ರದಲ್ಲಿಟ್ಟು ಬೆಳ್ಳಿ ಎಷ್ಟು, ತಾಮ್ರ ಎಷ್ಟು ಅಂತ ಪ್ರಿಂಟ್ ತೆಗೆಸಿ. ಅದರಲ್ಲಿ ತೂಕವನ್ನೂ ಬರೆಸಿ. ಒಂದು ಎಚ್ಚರ: ಯಂತ್ರ ನೋಡುವುದು ಮೇಲ್ಮೈಯನ್ನು. ದಪ್ಪ ಲೇಪ ಇದ್ದರೆ ಅದಕ್ಕೂ ಮೋಸ ಆಗುತ್ತದೆ. ನಿಮ್ಮ ಆಚಾರರು ಉಜ್ಜಿದ ಜಾಗವನ್ನೇ ಯಂತ್ರಕ್ಕೆ ತೋರಿಸಿ. ಆ ಗೀರು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ರಾಮ ದರ್ಬಾರ್ ‘ನಾಣ್ಯ’ದ ಬಗ್ಗೆ ಜಾಸ್ತಿ ಬರೆಯುವುದು ಬೇಕಿಲ್ಲ. ಈಸ್ಟ್ ಇಂಡಿಯಾ ಕಂಪನಿ 1818ರಲ್ಲಿ ದೇವರ ಚಿತ್ರ ಹಾಕಿ ಇಂಥ ನಾಣ್ಯ ಒತ್ತಿಸಲೇ ಇಲ್ಲ. ಇವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ‘ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ’ ಅಂತ ಲಕ್ಷಗಟ್ಟಲೆ ಬೆಲೆ ಹೇಳಿ ಮೋಸ ಮಾಡುವುದೂ ಇವುಗಳ ಹೆಸರಿನಲ್ಲೇ. ದೇವರ ಮನೆಯಲ್ಲಿ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ‘1818ರ ಕಂಪನಿ ನಾಣ್ಯ’ ಅಂತ ಬರೆದು ₹2,300 ತೆಗೆದುಕೊಂಡದ್ದು ಸುಳ್ಳು ವಿವರಣೆ. ಮೂರರಲ್ಲಿ ನಿಮ್ಮ ಕೈ ಬಲವಾಗಿರುವುದು ಇದರಲ್ಲೇ. ತೂಕ, ಲೋಹ, ಹೋಲ್ಡರ್ ಯಾವುದರ ಚರ್ಚೆಯೂ ಬೇಡ. ಅವರ ಜಾಹೀರಾತಿನ ಸ್ಕ್ರೀನ್‌ಶಾಟ್ ಒಂದೇ ಸಾಕು.

ಆನೆ ನಾಣ್ಯ ಸ್ವಲ್ಪ ಸ್ವಾರಸ್ಯದ್ದು. ಟಿಪ್ಪು ಒತ್ತಿಸಿದ ತಾಮ್ರದ ನಾಣ್ಯಗಳಲ್ಲಿ ಆನೆ ಇದೆ, ಹಿಂದೆ ಪರ್ಷಿಯನ್ ಬರಹ ಇರುತ್ತದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೂಡ ಆನೆ ನಾಣ್ಯ ಒತ್ತಿಸಿದರು. ಅವುಗಳಲ್ಲಿ ಕೆಲವದರ ಮೇಲೆ ಕನ್ನಡದ ಜೊತೆ ಇಂಗ್ಲಿಷ್‌ನಲ್ಲಿ ‘ಎಕ್ಸ್ ಎಕ್ಸ್ ಕ್ಯಾಶ್’, ಅಂದರೆ ಇಪ್ಪತ್ತು ಕಾಸು ಅಂತ ಇದೆ. ನಿಮಗೆ ಇಂಗ್ಲಿಷ್ ಅಕ್ಷರ ಕಂಡಿದೆ ಅಂದರೆ ಅದು ಟಿಪ್ಪುವಿನದಲ್ಲ, ಒಡೆಯರದ್ದು. ನಕಲಿ ಅಲ್ಲದೆಯೂ ಇರಬಹುದು. ಇಲ್ಲಿ ತಕರಾರು ಅಸಲಿ–ನಕಲಿಯದ್ದಲ್ಲ, ‘ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು’ ಅನ್ನುವುದು. ಕಾನೂನಿನಲ್ಲಿ ಇದೂ ವಾಪಸಾತಿಗೆ ಸಾಕಾಗುವ ಕಾರಣ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಬೆಲೆ ಇಳಿಸಿ ಅಂತ ಕೇಳಿ ಇಟ್ಟುಕೊಳ್ಳುತ್ತಿದ್ದೆ. ಮೈಸೂರಿನ ನಾಣ್ಯ, ಮೇಲೆ ಕನ್ನಡ ಅಕ್ಷರ, ಶಾಲೆಯ ಮಕ್ಕಳಿಗೆ ತೋರಿಸಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಮಾರಾಟಗಾರರಿಗೆ ಮತ್ತೊಮ್ಮೆ ಬರೆಯುವುದು. ಇ-ಮೇಲ್‌ನಲ್ಲೇ ಬರೆಯಿರಿ, ಫೋನ್ ಬೇಡ. ‘ಇಷ್ಟವಾಗಿಲ್ಲ’, ‘ಗುಣಮಟ್ಟ ಸರಿಯಿಲ್ಲ’ ಅನ್ನುವ ಪದ ಬಳಸಲೇಬೇಡಿ. ಹಾಗೆ ಬರೆದರೆ ಮನಸ್ಸು ಬದಲಾದ ಗ್ರಾಹಕರ ಸಾಲಿಗೆ ಸೇರುತ್ತೀರಿ. ‘ವಿವರಣೆಯಂತೆ ಇಲ್ಲ, ನಕಲಿ’ ಅಂತ ಬರೆದು ಒಂದೊಂದು ನಾಣ್ಯಕ್ಕೂ ಕಾರಣ ಕೊಡಿ. ರೂಪಾಯಿಗೆ ತೂಕ ಮತ್ತು ಎಕ್ಸ್‌ಆರ್‌ಎಫ್ ಪ್ರಿಂಟ್, ಬಿಲ್ಲೆಗೆ ಜಾಹೀರಾತಿನ ಸಾಲು, ಆನೆಗೆ ಹಿಂಬದಿಯ ಫೋಟೊ. ಅಂಚಿಗೆ ಉಜ್ಜಿದ್ದನ್ನು ಮುಚ್ಚಿಡಬೇಡಿ. ನೀವೇ ಮೊದಲು ಹೇಳಿದರೆ ಅದು ಅವರ ಅಸ್ತ್ರ ಆಗುವುದಿಲ್ಲ. ಆನ್‌ಲೈನ್ ವ್ಯಾಪಾರಿಗಳು ದೂರು ಸ್ವೀಕಾರ ಅಧಿಕಾರಿಯ ಹೆಸರು, ವಿಳಾಸ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಪತ್ರವನ್ನು ಆ ಅಧಿಕಾರಿಗೇ ಕಳಿಸಿ.

ಒಂದು ವೇಳೆ ‘ಸರಿ, ಕಳಿಸಿ’ ಅಂದರೆ ಅಲ್ಲೂ ಅಪಾಯ ಇದೆ. ‘ನಾವು ಕಳಿಸಿದ ನಾಣ್ಯ ಇದಲ್ಲ’ ಅನ್ನಬಹುದು. ಎರಡೂ ಬದಿ ಮತ್ತು ಅಂಚಿನ ಹತ್ತಿರದ ಫೋಟೊ ತೆಗೆದು, ತಕ್ಕಡಿ ಮೇಲೆ ಇಟ್ಟು, ಪ್ಯಾಕ್ ಮಾಡಿ ಅಂಟಿಸುವವರೆಗೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಅವರ ಜಾಹೀರಾತಿನ ಫೋಟೊದಲ್ಲಿ ಇರುವ ಯಾವುದಾದರೂ ಚುಕ್ಕೆ, ಗೀರು ನಿಮ್ಮ ಹತ್ತಿರ ಇರುವ ನಾಣ್ಯದಲ್ಲೂ ಇದ್ದರೆ ಗುರುತು ಮಾಡಿ ತೋರಿಸಿ. ಬಿಚ್ಚುವಾಗ ವಿಡಿಯೊ ಮಾಡದ ಕೊರತೆಯನ್ನು ಇದು ಬಹಳಮಟ್ಟಿಗೆ ತುಂಬುತ್ತದೆ. ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್, ಇನ್ಶೂರೆನ್ಸ್ ಮಾಡಿಸಿ ಕಳಿಸಿ. ರಸೀದಿಯಲ್ಲಿ ಪಾರ್ಸೆಲ್ ತೂಕ ಪ್ರಿಂಟ್ ಆಗುತ್ತದೆ, ಅದೂ ಒಂದು ಸಾಕ್ಷಿ. ಹಲವು ಖಾಸಗಿ ಕೊರಿಯರ್‌ನವರು ನಾಣ್ಯ, ಬೆಳ್ಳಿ ಕಳೆದುಹೋದರೆ ಹೊಣೆ ಹೊರುವುದಿಲ್ಲ.

ಅವರು ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಮಾರಾಟಗಾರರಿಗೆ ದೂರು ಮುಟ್ಟಿಸಿ ಉತ್ತರ ಕೇಳುತ್ತಾರೆ. ಸಣ್ಣ ಮೊತ್ತಕ್ಕೆ ಹೆಚ್ಚಿನ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ. ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ದೆಹಲಿಯಲ್ಲಿರಲಿ, ಕೋಲ್ಕತ್ತದಲ್ಲಿರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಆದರೆ ತಾರೀಖಿನ ಮೇಲೆ ತಾರೀಖು ಬೀಳಬಹುದು, ಅರಸೀಕೆರೆಯಿಂದ ಓಡಾಡಬೇಕಾಗಬಹುದು. ₹9,500ಕ್ಕೆ ಅಷ್ಟು ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ವೆಬ್‌ಸೈಟೇ ಮಾಯವಾಗಿ ಫೋನ್ ಸ್ವಿಚ್ ಆಫ್ ಆದರೆ ಅದು ಗ್ರಾಹಕ ದೂರಲ್ಲ, ವಂಚನೆ. ಆಗ ತಡಮಾಡದೆ 1930, ಸೈಬರ್ ಅಪರಾಧ ಸಹಾಯವಾಣಿ.

ಕೆಲವರು ಇನ್ನೊಂದು ಸುಲಭದ ದಾರಿ ಹಿಡಿಯುತ್ತಾರೆ, ಬೇರೆ ಯಾರಿಗಾದರೂ ದಾಟಿಸಿಬಿಡುವುದು. ನಕಲಿ ಅಂತ ಗೊತ್ತಿದ್ದೂ ಅಸಲಿ ಅಂತ ಮಾರಿದರೆ ಮೋಸ ಮಾಡಿದವರು ನೀವಾಗುತ್ತೀರಿ. ಮಾರಲು ಜಾಹೀರಾತು ಹಾಕಿದ ಕೂಡಲೇ ‘ಲಕ್ಷ ಕೊಡುತ್ತೇವೆ, ಮೊದಲು ಆರ್‌ಬಿಐ ಕಮಿಷನ್ ಕಟ್ಟಿ’ ಅನ್ನುವ ಫೋನ್ ಬೇರೆ ಬರುತ್ತವೆ. ಹಳೆ ನಾಣ್ಯ, ನೋಟಿನ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ, ಶುಲ್ಕ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ.

ಕೊನೆಯ ಪ್ರಶ್ನೆ, 30 ದಿನದ ರಿಟರ್ನ್. ದಿನದ ಸಂಖ್ಯೆಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಪರೀಕ್ಷೆ ಮಾಡಿಸಲು ಒಂದು ವಾರ ಸಾಕು. ನೋಡಬೇಕಾದದ್ದು ಬೇರೆ. ನಕಲಿ ಅಂತ ಗೊತ್ತಾದರೆ ಯಾವಾಗ ಬೇಕಾದರೂ ದುಡ್ಡು ವಾಪಸ್ ಅಂತ ಬರೆದುಕೊಡುತ್ತಾರಾ? ಅದು ಸಾಮಾನ್ಯ ರಿಟರ್ನ್‌ಗಿಂತ ಬೇರೆ ಮಾತು, ಒಳ್ಳೆ ವ್ಯಾಪಾರಿಗಳು ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಜಾಹೀರಾತಿನಲ್ಲಿ ತೂಕ, ಅಗಲ ಹಾಕಿದ್ದಾರಾ? ಫೋಟೊ ಅದೇ ನಾಣ್ಯದ್ದಾ, ಇಲ್ಲ ‘ಮಾದರಿ ಚಿತ್ರ’ವಾ? ಬಿಲ್‌ನಲ್ಲಿ ಇಸವಿ, ರಾಜನ ಹೆಸರು, ಲೋಹ ಬರೆಯುತ್ತಾರಾ? ವಾಪಸ್ ಕಳಿಸುವ ಖರ್ಚು ಯಾರದ್ದು? ದುಡ್ಡು ಬ್ಯಾಂಕಿಗೆ ಬರುತ್ತದಾ, ಅವರದೇ ಅಂಗಡಿಯ ಕ್ರೆಡಿಟ್ ಆಗಿ ಕೂರುತ್ತದಾ? ಇವನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ. ಹರಾಜಿನಲ್ಲಿ ಕೊಂಡದ್ದಕ್ಕೆ, ಕಿಲೋ ಲೆಕ್ಕದ ಮಿಶ್ರ ನಾಣ್ಯಕ್ಕೆ ಸಾಮಾನ್ಯವಾಗಿ ರಿಟರ್ನ್ ಇರುವುದಿಲ್ಲ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳ ಮೊಹರು ಹಾಕಿದ ಡಬ್ಬಿಯಲ್ಲಿ ಬಂದದ್ದಾದರೆ ಡಬ್ಬಿ ಒಡೆದ ಮೇಲೆ ಯಾರೂ ತೆಗೆದುಕೊಳ್ಳಲ್ಲ. ಆ ಡಬ್ಬಿಗಳಲ್ಲೂ ನಕಲಿ ಇವೆ, ನಂಬರನ್ನು ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಹಾಕಿ ಫೋಟೊ ತಾಳೆ ನೋಡಿ. ತನ್ನ ಸಂಗ್ರಹದ ಹೆಚ್ಚುವರಿ ನಾಣ್ಯವನ್ನು ಆಗೊಮ್ಮೆ ಈಗೊಮ್ಮೆ ಮಾರುವ ಹವ್ಯಾಸಿಗೆ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ, ಅದೂ ನೆನಪಿರಲಿ.

ವಿದೇಶದ ಮಾರಾಟಗಾರರ 30 ದಿನ ನೋಡಿ ಮರುಳಾಗಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನಿಂದ ತರಿಸಿದ 1911ರ ರೂಪಾಯಿ ಸರಿಯಿಲ್ಲ ಅಂತ ವಾಪಸ್ ಪೋಸ್ಟ್ ಮಾಡಲು ಹೋದರೆ ಕಸ್ಟಮ್ಸ್‌ನಲ್ಲಿ ನೀವೇ ಸಿಕ್ಕಿಹಾಕಿಕೊಳ್ಳಬಹುದು. ಅದೇ ಕಾಯ್ದೆಯಡಿ ಇಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಇಲ್ಲಿನ ಮಾರಾಟಗಾರರನ್ನು ಅದು ಇದೆಯಾ ಅಂತ ಕೇಳಿ ನೋಡಿ, ಉತ್ತರದ ಧಾಟಿಯಲ್ಲೇ ಅರ್ಧ ಗೊತ್ತಾಗುತ್ತದೆ. ನಮ್ಮ ಕಡೆಯವರು ಹೊಯ್ಸಳ ನಾಣ್ಯ ಅಂದರೆ ಕರಗಿಹೋಗುತ್ತಾರೆ. ‘ಶ್ರೀ ತಲಕಾಡುಗೊಂಡ’ ಅಂತ ಕನ್ನಡದಲ್ಲಿ ಬರೆದ ವಿಷ್ಣುವರ್ಧನನ ಚಿನ್ನದ ನಾಣ್ಯ ಸುಮಾರು ನಾಲ್ಕು ಗ್ರಾಂ ತೂಗುತ್ತದೆ. ಅದನ್ನು ₹999ಕ್ಕೆ ರಿಟರ್ನ್ ಗ್ಯಾರಂಟಿ ಸಮೇತ ಕೊಡುತ್ತೇವೆ ಅಂದರೆ ಪಾಲಿಸಿ ಓದುವ ಕೆಲಸವೇ ಇಲ್ಲ.

ನೀವು ಇವತ್ತೇ ಮಾಡಬೇಕಾದದ್ದು ಒಂದಿದೆ. ಆ ಮೂರು ನಾಣ್ಯಗಳ ಜಾಹೀರಾತು, ರಿಟರ್ನ್ ಪಾಲಿಸಿಯ ಪುಟ, ಯುಪಿಐ ರಸೀದಿ, ಅವರ ಉತ್ತರ, ಎಲ್ಲದರ ಸ್ಕ್ರೀನ್‌ಶಾಟ್ ತಾರೀಖು ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ. ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲ ಇದೆ. ಜಾಹೀರಾತನ್ನು ಅವರು ನಾಳೆಯೇ ಅಳಿಸಬಹುದು.